ಬೆಳಗ್ಗೆಯಿಂದ ರಾತ್ರಿವರೆಗೆ ಓಟ. ದೇವರ ಮುಂದೆ ಕೂರಲು ಸಮಯ ಎಲ್ಲಿಂದ ತರೋದು?

ನಮಸ್ಕಾರ. ಇಬ್ಬರು ಸಣ್ಣ ಮಕ್ಕಳು, ಎಂಟೂಕಾಲಿಗೆ ಬಸ್ಸು, ರಾತ್ರಿ ಪಾತ್ರೆ ತೊಳೆದು ಮಲಗುವಾಗ ಹನ್ನೊಂದು, ದೇವರ ಮುಂದೆ ನೆಮ್ಮದಿಯಾಗಿ ಕೂತು ತಿಂಗಳುಗಳೇ ಆದವು ಅಂತ ಬರೆದಿದ್ದೀರಿ. ಓದುವಾಗ ನನ್ನ ಮನೆಯೇ ಕಣ್ಣ ಮುಂದೆ ಬಂತು. ನಾನು ಧಾರವಾಡದ ಕಡೆಯವಳು, ಈಗ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ. ನನ್ನ ಕೈಹಿಡಿದದ್ದು ಇಷ್ಟಲಿಂಗ ಪೂಜೆ, ಅಂದರೆ ಲಿಂಗಾಯತರಾದ ನಾವು ಮೈಮೇಲೆ ಧರಿಸುವ ಪುಟ್ಟ ಲಿಂಗವನ್ನು ಅಂಗೈಯಲ್ಲಿಟ್ಟು ಮಾಡುವ ಪೂಜೆ. ಅದನ್ನೇ ಹೇಳುತ್ತೇನೆ.

ಊರಲ್ಲಿ ನಮ್ಮ ಅವ್ವನಿಗೂ ಪುರುಸೊತ್ತು ಇರಲಿಲ್ಲ. ಸಗಣಿ ಬಾಚಬೇಕು, ಹಾಲು ಕರೆಯಬೇಕು, ರೊಟ್ಟಿ ಬಡಿಯಬೇಕು, ಆಮೇಲೆ ಹೊಲ. ಆದರೆ ಲಿಂಗಪೂಜೆ ಆಗದೆ ಒಂದು ತುತ್ತೂ ಬಾಯಿಗಿಟ್ಟವಳಲ್ಲ. ನಾವು ಶಾಲೆಗೆ ಓಡುವ ಆತುರದಲ್ಲಿ ತಟ್ಟೆಗೆ ಕೈ ಹಾಕಿದರೆ, "ಲಿಂಗಕ್ಕ ತೋರಿಸಿದ್ಯೇನ?" ಅಂತ ಒಲೆ ಮುಂದಿನಿಂದಲೇ ಕೂಗುತ್ತಿದ್ದಳು.

ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ನನ್ನದು ತಪ್ಪಿಹೋಯಿತು. ಕೊರಳಲ್ಲಿರಬೇಕಾದ ಕರಡಿಗೆ, ಅಂದರೆ ಲಿಂಗ ಇಡುವ ಪುಟ್ಟ ಡಬ್ಬಿ, ಮೂರು ವರ್ಷ ಬೀರುವಿನಲ್ಲಿತ್ತು. ಎರಡನೇ ಬಾಣಂತನಕ್ಕೆ ಅವ್ವ ಬಂದಳು. ನಮ್ಮದು ಚಿಕ್ಕ ಮನೆ, ದೇವರ ಕೋಣೆ ಇಲ್ಲ. ಫ್ರಿಜ್ ಪಕ್ಕ ಮಣೆ ಹಾಕಿಕೊಂಡು ಅವ್ವ ಪೂಜೆಗೆ ಕೂತಳು. ಒಂದು ಕಡೆ ಮಿಕ್ಸಿ, ಒಂದು ಕಡೆ ದೊಡ್ಡವನ ಅಳು. ಅವಳು ಅಂಗೈ ಎತ್ತಿ ಹಿಡಿದು ಅಲ್ಲಾಡದೆ ಕೂತಿದ್ದಳು. ಆಮೇಲೆ ಎದ್ದು ತಿಂಡಿ ತಿಂದಳು. ಆವತ್ತು ನನಗೆ ಹೊಳೆಯಿತು. ಪೂಜೆಗೆ ಅಂತ ಬೇರೆ ಸಮಯವನ್ನು ಅವ್ವ ಎಂದೂ ಹುಡುಕಿರಲಿಲ್ಲ, ಹಸಿವಿಗೆ ಗಂಟು ಹಾಕಿಬಿಟ್ಟಿದ್ದಳು. ಹಸಿವು ದಿನಾ ತಪ್ಪದೆ ಬರುತ್ತದೆ, ಅಲ್ವಾ?

ಈಗ ನಾನೂ ಹಾಗೇ. ಸ್ನಾನ ಆದ ಕೂಡಲೇ ಕೂರುತ್ತೇನೆ. ವಿಭೂತಿ ಹಚ್ಚಿಕೊಂಡು ಲಿಂಗವನ್ನು ಎಡಗೈ ಅಂಗೈಯಲ್ಲಿ ಇಟ್ಟು, ನಾಲ್ಕು ಹನಿ ನೀರು ಹಾಕಿ ಒರೆಸಿ, ಒಂದು ಪತ್ರೆ ಏರಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತೇನೆ. ಲಿಂಗದ ಕಪ್ಪು ನುಣುಪಿನ ಮೇಲೆ ದೀಪದ ಬೆಳಕು ಸಾಸಿವೆಯಷ್ಟು ಚುಕ್ಕಿಯಾಗಿ ಬೀಳುತ್ತದೆ. ಆಫೀಸಿನ ಯೋಚನೆ ಬಂತೋ, ಕೈಗೆ ಗೊತ್ತಾಗುತ್ತದೆ, ಚುಕ್ಕಿ ನಡುಗುತ್ತದೆ. ನಿಧಾನವಾಗಿ ಉಸಿರು ಬಿಟ್ಟರೆ ಮತ್ತೆ ನಿಲ್ಲುತ್ತದೆ. ಮೊದಲ ವಾರ ಚುಕ್ಕಿ ನಿಂತದ್ದೇ ಇಲ್ಲ. ಈಗಲೂ ಹತ್ತು ನಿಮಿಷದಲ್ಲಿ ಎರಡು ನಿಮಿಷ ನಿಂತರೆ ಜಾಸ್ತಿ. ಆದರೆ ಆ ಎರಡು ನಿಮಿಷ ಮನಸ್ಸು ತೊಳೆದಿಟ್ಟ ಹಾಗೆ ಇರುತ್ತದೆ. ಮಧ್ಯಾಹ್ನ ಯಾರಾದರೂ ರೇಗಿದರೂ ಅದರ ತಂಪು ಸ್ವಲ್ಪ ಉಳಿದಿರುತ್ತದೆ.

12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಇದನ್ನು ಕೈಗೆ ಕೊಟ್ಟದ್ದು ಎಂಥವರಿಗೆ ಅಂತ ನೆನೆದರೆ ನನಗೆ ಧೈರ್ಯ ಬರುತ್ತದೆ. ಬಟ್ಟೆ ಒಗೆಯುವ ಮಾಚಿದೇವ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ. ಎಲ್ಲರೂ ದುಡಿಯುವವರೇ. ಗುಡಿಗೆ ಹೋಗಿ ಬರುವ ಬಿಡುವು ಬೇಡ, ಪೂಜಾರಿಯೂ ಬೇಡ. ದೇವರು ಮೈಮೇಲೇ ಇರುತ್ತಾನೆ.

ತಪ್ಪಿದ ದಿನಗಳ ಬಗ್ಗೆಯೂ ಕೇಳಿದ್ದೀರಿ. ಮಗುವಿಗೆ ಜ್ವರ ಬಂದ ದಿನ ನನಗೂ ಆಗುವುದಿಲ್ಲ. ಮೊದಲೆಲ್ಲ ಪಾಪ ಮಾಡಿದ ಹಾಗೆ ಅನಿಸುತ್ತಿತ್ತು. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯನವರು ತಮ್ಮ ವಚನದಲ್ಲಿ, ಕಾಯಕದಲ್ಲಿ ಮುಳುಗಿದ್ದಾಗ ಲಿಂಗಪೂಜೆಯನ್ನೂ ಮರೆಯಬೇಕು ಅನ್ನುತ್ತಾರೆ. ಜ್ವರದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತ ರಾತ್ರಿ ಆ ಮಾತು ನೆನಪಾಗಿ ಅತ್ತುಬಿಟ್ಟೆ. ಮನಸ್ಸು ಹಗುರಾಯಿತು.

ನಿಮ್ಮ ಮನೆಯ ಪದ್ಧತಿ ಯಾವುದು ಅಂತ ನೀವು ಬರೆದಿಲ್ಲ. ದೀಪ ಹಚ್ಚುವುದಿರಬಹುದು, ತುಳಸಿಗೆ ನೀರು ಹಾಕುವುದಿರಬಹುದು, ನಮಾಜ್ ಇರಬಹುದು. ಚಿಕ್ಕಂದಿನಿಂದ ಕೈಗೆ ಒಗ್ಗಿದ್ದನ್ನೇ ಹಿಡಿಯಿರಿ, ಹೊಸ ಆ್ಯಪ್ ಹುಡುಕಬೇಡಿ. ಅದನ್ನು ಬೆಳಗಿನ ಮೊದಲ ಚಹಾಕ್ಕೆ ಗಂಟು ಹಾಕಿ, ಅದಾಗದೆ ಚಹಾ ಇಲ್ಲ ಅಂತ. ಫೋನು ಆಗ ಬೇರೆ ಕೋಣೆಯಲ್ಲಿರಲಿ. ಮಕ್ಕಳು ಗಲಾಟೆ ಮಾಡುತ್ತಾರೆ, ಮಾಡಲಿ ಬಿಡಿ. ನನ್ನ ಮಗಳು ಮೊದಮೊದಲು ಸೆರಗು ಹಿಡಿದು ಎಳೆಯುತ್ತಿದ್ದಳು. ಈಗ ಕುಂಡದಿಂದ ಒಂದು ಹೂವು ಕಿತ್ತು ತಂದು, ನನ್ನ ತೊಡೆ ಮೇಲಿಟ್ಟು ಆಟಕ್ಕೆ ಓಡುತ್ತಾಳೆ.