ಟೋಕಿಯೊದಿಂದ ಒಂದೇ ದಿನದಲ್ಲಿ ಕಾರಿನಲ್ಲಿ ಹೋಗಿ ಕವಾಜು ಚೆರಿ ಹೂ ನೋಡಿ ಬರಬಹುದೇ?

ಫೆಬ್ರವರಿ 20ರ ಹೊತ್ತಿಗೆ ಟೋಕಿಯೊದಲ್ಲಿ ಇರುತ್ತೀರಿ, ಬಾಡಿಗೆ ಕಾರು ತೆಗೆದುಕೊಂಡು ಬೆಳಿಗ್ಗೆ 8ಕ್ಕೆ ಹೊರಟು, ಇಜು ಪರ್ಯಾಯ ದ್ವೀಪದ ಕವಾಜುವಿನಲ್ಲಿ ಹೂ ನೋಡಿ ರಾತ್ರಿಗೆ ಮರಳಬೇಕು ಅಂತ ಕೇಳಿದ್ದೀರಿ. ಖಂಡಿತ ಬರಬಹುದು. ಆದರೆ 8ಕ್ಕೆ ಹೊರಡುವ ಲೆಕ್ಕ ಬಿಟ್ಟುಬಿಡಿ. ವಾರಾಂತ್ಯದಲ್ಲಿ 8ಕ್ಕೆ ಹೊರಟರೆ ಕವಾಜು ಮುಟ್ಟುವಾಗ ಮಧ್ಯಾಹ್ನ ಆಗಿರುತ್ತದೆ, ಪಾರ್ಕಿಂಗ್ ತುಂಬಿರುತ್ತದೆ, ವಾಪಸ್ ದಾರಿಯ ಟ್ರಾಫಿಕ್‌ಗೂ ಸರಿಯಾಗಿ ಸಿಕ್ಕಿಕೊಳ್ಳುತ್ತೀರಿ. ಟೋಕಿಯೊ ಬಿಡಬೇಕಾದದ್ದು ನಸುಕಿನ 4:30ಕ್ಕೆ. ಬಾಡಿಗೆ ಕಾರಿನ ಅಂಗಡಿಗಳು ಸಾಮಾನ್ಯವಾಗಿ 8ಕ್ಕೆ ಬಾಗಿಲು ತೆಗೆಯುತ್ತವೆ. ಹಾಗಾಗಿ ಹಿಂದಿನ ಸಂಜೆಯೇ 24 ಗಂಟೆಯ ಲೆಕ್ಕದಲ್ಲಿ ಕಾರು ತೆಗೆದುಕೊಂಡು, ಉಳಿದುಕೊಂಡ ಕಡೆ ಹತ್ತಿರದ ಪೇ-ಪಾರ್ಕಿಂಗ್‌ನಲ್ಲಿ ರಾತ್ರಿ ನಿಲ್ಲಿಸಿ.

ಮೊದಲು ಹೂವಿನ ವಿಷಯ. ಮಾರ್ಚ್ ಕೊನೆಯಲ್ಲಿ ಟೋಕಿಯೊದಲ್ಲಿ ಅರಳುವ ತಿಳಿಬಣ್ಣದ ಸೊಮೆಯ್ ಯೊಶಿನೊ ಬೇರೆ, ಇದು ಬೇರೆ. ಕವಾಜು-ಜಕುರಾ ಎಂಬುದು ಒಶಿಮಾ ಚೆರಿ ಮತ್ತು ಕಾನ್‌ಹಿ ಚೆರಿಗಳು ತಾನಾಗಿಯೇ ಬೆರೆತು ಹುಟ್ಟಿದ ತಳಿ. ದೊಡ್ಡ ಹೂ ಒಶಿಮಾದ ಕಡೆಯಿಂದ ಬಂದದ್ದು. ಗಾಢ ಗುಲಾಬಿ ಬಣ್ಣ ಮತ್ತು ಬೇಗ ಅರಳುವ ಗುಣ ಕಾನ್‌ಹಿಯ ಕಡೆಯದು. ಸುಮಾರು 1955ರ ಫೆಬ್ರವರಿಯಲ್ಲಿ ಇದೇ ಊರಿನ ಇಯಿದಾ ಕತ್ಸುಮಿ ಎಂಬುವರು ಹೊಳೆದಂಡೆಯ ಹುಲ್ಲಿನಲ್ಲಿ ಒಂದು ಸಸಿ ಕಂಡು, ಕಿತ್ತು ತಂದು ಮನೆ ಮುಂದೆ ನೆಟ್ಟರು. ಅದು ಮೊದಲು ಹೂ ಬಿಟ್ಟದ್ದು 1966ರಲ್ಲಿ. 1974ರಲ್ಲಿ ಕವಾಜು-ಜಕುರಾ ಎಂಬ ಹೆಸರು ಬಂತು, ಮರುವರ್ಷ ಅದೇ ಊರಿನ ಮರವಾಯಿತು. ಈಗ ಹೊಳೆಯುದ್ದಕ್ಕೂ ಇರುವ ಸುಮಾರು 850 ಮರಗಳು, ಇಡೀ ಊರಿನ ಸುಮಾರು 8,000 ಮರಗಳು ಆ ಒಂದೇ ಸಸಿಯ ಕಸಿ ಸಂತಾನ. ತಾಯಿಮರ ಇನ್ನೂ ಇದೆ. ಕವಾಜು ಸ್ಟೇಷನ್ನಿನಿಂದ ಹೊಳೆಯ ಮೇಲ್ಮುಖವಾಗಿ ಒಂದು ಕಿಲೋಮೀಟರ್ ಚಿಲ್ಲರೆ ನಡೆದರೆ ಸಿಗುತ್ತದೆ. ಅದನ್ನು ನೋಡದೆ ಬರಬೇಡಿ.

ಸೊಮೆಯ್ ಯೊಶಿನೊ ವಾರ-ಹತ್ತು ದಿನದಲ್ಲಿ ಮುಗಿದುಹೋಗುತ್ತದೆ. ಕವಾಜುವಿನ ಮೊಗ್ಗುಗಳು ಚಳಿಯಲ್ಲಿ ಒಂದೊಂದಾಗಿ ಬಿಚ್ಚಿಕೊಳ್ಳುವುದರಿಂದ ಹೂವಿನ ಕಾಲ ಹೆಚ್ಚುಕಡಿಮೆ ಒಂದು ತಿಂಗಳು ಇರುತ್ತದೆ. ಆದರೂ ಚಳಿಗಾಲ ಬೆಚ್ಚಗಿದ್ದ ವರ್ಷ ಫೆಬ್ರವರಿ ಮಧ್ಯಕ್ಕೇ ತುಂಬಿ ಅರಳುತ್ತದೆ, ಚಳಿ ಜೋರಾಗಿದ್ದರೆ ಮಾರ್ಚ್ ಮೊದಲ ವಾರಕ್ಕೆ ಹೋಗುತ್ತದೆ. ಊರಿನ ಪ್ರವಾಸಿ ಸಂಘ ಹೂ ಎಷ್ಟು ಅರಳಿದೆ ಎಂದು ಊರಿನ ಚೆರಿ ಹಬ್ಬದ ದಿನಗಳಲ್ಲಿ ಹೇಳುತ್ತಿರುತ್ತದೆ. ಅಲ್ಲಿ ಬರುವ ಮೂರು ಪದ ಗೊತ್ತಿರಲಿ: ಗೊಬು-ಜಾಕಿ ಎಂದರೆ ಅರ್ಧ ಅರಳಿದೆ, ಮಾನ್‌ಕಾಯ್ ಎಂದರೆ ಪೂರ್ತಿ, ಹಾ-ಜಕುರಾ ಎಂದರೆ ಎಲೆ ಬಂದುಬಿಟ್ಟಿದೆ. ಗೊಬು-ಜಾಕಿ ದಾಟಿದ್ದರೆ ಧೈರ್ಯವಾಗಿ ಹೊರಡಿ. ಹಾ-ಜಕುರಾ ಎಂದು ಬರತೊಡಗಿದರೆ ಅಷ್ಟು ದೂರ ಹೋಗುವುದು ಬೇಡ.

ಈಗ ದಾರಿ. ಕವಾಜುವಿಗೆ ಎರಡು ದಾರಿಗಳಿವೆ: ಕಡಲ ಅಂಚಿನ ಹೆದ್ದಾರಿ 135, ಮತ್ತು ಅಮಾಗಿ ಘಾಟಿ ಹತ್ತಿ ಇಳಿಯುವ ಹೆದ್ದಾರಿ 414. ನನ್ನ ಸ್ಪಷ್ಟ ಸಲಹೆ, ಹೋಗುವಾಗ ಕಡಲು, ಬರುವಾಗ ಘಾಟಿ. ಫೆಬ್ರವರಿಯಲ್ಲಿ ಘಾಟಿಯ ಮೇಲೆ ಬೆಳಗಿನ ಹೊತ್ತು ರಸ್ತೆ ಹೆಪ್ಪುಗಟ್ಟಿರಬಹುದು. ಅದರಲ್ಲೂ ಸೇತುವೆ ಮೇಲೆ, ಸುರಂಗದ ಬಾಯಲ್ಲಿ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಇರುತ್ತದೆ. ನೋಡಿದರೆ ಬರೀ ಒದ್ದೆ ರಸ್ತೆ ಅನ್ನಿಸುತ್ತದೆ. ಟೋಕಿಯೊದ ಬಾಡಿಗೆ ಕಾರಿಗೆ ಕೇಳದಿದ್ದರೆ ಹಾಕಿಕೊಡುವುದು ಸಾಮಾನ್ಯ ಟೈರ್. ಹಿಮ ಬಿದ್ದ, ಮಂಜುಗಟ್ಟಿದ ರಸ್ತೆಯಲ್ಲಿ ಸಾಮಾನ್ಯ ಟೈರಿನಲ್ಲಿ ಓಡಿಸುವುದು ಅಲ್ಲಿ ನಿಯಮಕ್ಕೇ ವಿರುದ್ಧ. ಕಡಲ ದಂಡೆ ಅಷ್ಟು ತಣ್ಣಗಾಗುವುದಿಲ್ಲ. ಇನ್ನು 135, ಒದವಾರ ದಾಟಿದ ಮೇಲೆ ಬಹುಪಾಲು ಆಚೆಗೊಂದು ಈಚೆಗೊಂದು ಲೇನ್ ಮಾತ್ರ. ನಸುಕಿನಲ್ಲಿ ಖಾಲಿ, ಮಧ್ಯಾಹ್ನದ ಮೇಲೆ ಹೂ ನೋಡಿದವರೆಲ್ಲ ಅದೇ ದಾರಿಯಲ್ಲಿ ವಾಪಸ್. ಆ ಹೊತ್ತಿಗೆ ಘಾಟಿಯ ಮಂಜು ಕರಗಿರುತ್ತದೆ. ಹಿಂದಿನ ಎರಡು ದಿನಗಳಲ್ಲಿ ಅಮಾಗಿಯಲ್ಲಿ ಹಿಮ ಬಿದ್ದಿದ್ದರೆ ಮಾತ್ರ ಈ ಲೆಕ್ಕ ಬಿಡಿ, ಎಷ್ಟೇ ತಡವಾದರೂ 135ರಲ್ಲೇ ಬನ್ನಿ.

ಹೊತ್ತಿನ ಲೆಕ್ಕ ಹೀಗೆ. 4:30ಕ್ಕೆ ಹೊರಟು ತೋಮೇ ಎಕ್ಸ್‌ಪ್ರೆಸ್‌ವೇ ಹಿಡಿದರೆ 5:15ರ ಸುಮಾರಿಗೆ ಎಬಿನಾ ಸರ್ವೀಸ್ ಏರಿಯಾ. ಟಾಯ್ಲೆಟ್, ಕಾಫಿ, ಪೆಟ್ರೋಲ್ ಎಲ್ಲ ಇಲ್ಲಿ ಮುಗಿಸಿ. ಕೂಡಲೇ ಮುಂದೆ ಅತ್ಸುಗಿಯಲ್ಲಿ ಇಳಿದು ಒದವಾರ-ಅತ್ಸುಗಿ ರಸ್ತೆ, ಸುಮಾರು 32 ಕಿಲೋಮೀಟರ್. ನೋಡಲು ಎಕ್ಸ್‌ಪ್ರೆಸ್‌ವೇ ಥರವೇ ಇದ್ದರೂ ಇಲ್ಲಿ ಮಿತಿ 70 ಕಿ.ಮೀ.; ಗುರುತಿಲ್ಲದ ಪೊಲೀಸ್ ಕಾರುಗಳಿಗೆ ಹೆಸರಾದ ರಸ್ತೆ ಇದು. ಒದವಾರ ದಾಟಿ 135 ಸೇರಿದ ಮೇಲೆ, 6:20ರ ಆಸುಪಾಸಿನಲ್ಲಿ ನಿಮ್ಮ ಎಡಕ್ಕೆ ಕಡಲ ಮೇಲೆ ಸೂರ್ಯ ಏಳುತ್ತಾನೆ. ಅತಾಮಿ ದಾಟಿ ಇತೊದ ಮರೀನ್ ಟೌನ್‌ನಲ್ಲಿ ಕಾಲು ಗಂಟೆ ನಿಲ್ಲಿ. ಅಲ್ಲಿಂದ ಕವಾಜು ಇನ್ನೊಂದು ಗಂಟೆಯ ದಾರಿ. 8ರೊಳಗೆ ಮುಟ್ಟಿದರೆ ಹೊಳೆಯ ಪಕ್ಕದಲ್ಲೇ ಪಾರ್ಕಿಂಗ್ ಸಿಗುತ್ತದೆ. ಶುಲ್ಕ ನಗದಾಗಿ ಕೊಡಲು ಸಾವಿರ ಯೆನ್‌ನ ನೋಟುಗಳಿರಲಿ.

ಸ್ಟೇಷನ್ ಕಡೆಯಿಂದ ಶುರು ಮಾಡಿ ಹೊಳೆಯ ಮೇಲ್ಮುಖವಾಗಿ ನಡೆಯಿರಿ. ಮರದ ಸಾಲು 3ರಿಂದ 4 ಕಿಲೋಮೀಟರ್. ನಿಂತು ನೋಡುತ್ತಾ ಹೋದರೆ ಒಂದು ಬದಿಗೆ ಒಂದೂವರೆ ಗಂಟೆ ಬೇಕು. ಹೋಗುವಾಗ ದಂಡೆಯ ಮೇಲೆ ಕೊಂಬೆಗಳ ಕೆಳಗೆ, ಬರುವಾಗ ಎದುರು ದಂಡೆಯಲ್ಲಿ. ಅಲ್ಲಲ್ಲಿ ಮರದ ಬುಡದಲ್ಲಿ ನಾನೊಹನಾ ಎಂಬ ಸಾಸಿವೆ ಜಾತಿಯ ಹಳದಿ ಹೂ ಇರುತ್ತದೆ. ಫೋಟೊಗೆ ಕುಕ್ಕರುಗಾಲಲ್ಲಿ ಕೂತು, ಹಳದಿ ಕೆಳಗೆ, ಗುಲಾಬಿ ಮೇಲೆ ಬರುವಂತೆ ತೆಗೆಯಿರಿ. ಮೋಡ ಕವಿದ ದಿನ ಆಕಾಶವನ್ನು ಚಿತ್ರದಿಂದ ಹೊರಗಿಡಿ. ಬೆಳ್ಳಗಿನ ಆಕಾಶದ ಮುಂದೆ ಹೂ ಕಪ್ಪಾಗಿ ಬರುತ್ತದೆ. ಹೂವಿನೊಳಗೆ ಕೊಕ್ಕಿಟ್ಟು ಮಕರಂದ ಹೀರುವ ಹಸಿರು ಹಕ್ಕಿ ಮೆಜಿರೊ. ಕಣ್ಣಿನ ಸುತ್ತ ಬಿಳಿ ಉಂಗುರ ಇರುತ್ತದೆ. ಕೊಂಬೆ ಬಗ್ಗಿಸಬೇಡಿ, ಬೇರಿನ ಮೇಲೆ ಚಾಪೆ ಹಾಸಬೇಡಿ. ಚೆರಿ ಮರಕ್ಕೆ ಗಾಯವಾದರೆ ಅಲ್ಲಿಂದಲೇ ಕೊಳೆಯುತ್ತದೆ. ಅದಕ್ಕೇ ಜಪಾನಿನಲ್ಲಿ "ಚೆರಿ ಕಡಿಯುವವ ದಡ್ಡ, ಉಮೆ ಕಡಿಯದವ ದಡ್ಡ" ಎಂಬ ಗಾದೆ ಇದೆ; ಉಮೆ ಎಂದರೆ ಪ್ಲಮ್ ಜಾತಿಯ ಮರ. ಕಸದ ಡಬ್ಬಿ ಸಿಗುವುದು ಕಡಿಮೆ, ಒಂದು ಚೀಲ ಜೇಬಿನಲ್ಲಿರಲಿ. ಸಸ್ಯಾಹಾರಿಗಳಾಗಿದ್ದರೆ ಊಟ ಕಟ್ಟಿಕೊಂಡೇ ಹೋಗಿ, ಸೋಬಾ-ಉದೋನ್ ಎಂಬ ನೂಡಲ್ಸ್‌ಗಳ ಸಾರಿಗೆಲ್ಲ ಮೀನಿನ ರಸ ಬಿದ್ದಿರುತ್ತದೆ.

ಮಧ್ಯಾಹ್ನ 1ಕ್ಕೆ ಕವಾಜು ಬಿಡಿ. 414ರಲ್ಲಿ ಮೊದಲಿಗೇ ಸಿಗುವುದು ಸುರುಳಿ ಸೇತುವೆ. 1978ರ ಭೂಕಂಪದಲ್ಲಿ ಇಲ್ಲಿನ ಘಾಟಿ ರಸ್ತೆ ಕುಸಿದ ಮೇಲೆ 1981ರಲ್ಲಿ ಇದನ್ನು ಕಟ್ಟಿದರು. 80 ಮೀಟರ್ ಅಗಲದ ಸುರುಳಿ, ಎರಡು ಪೂರ್ತಿ ಸುತ್ತು, 45 ಮೀಟರ್ ಏರು. ಸ್ಟೀರಿಂಗ್ ಒಂದೇ ಹದದಲ್ಲಿ ಹಿಡಿದು ನಿಧಾನವಾಗಿ ಹತ್ತಿ, ಸೇತುವೆ ಮೇಲೆ ನಿಲ್ಲಿಸುವಂತಿಲ್ಲ. ಹಿಂದೆ ಕೂತವರಿಗೆ ತಲೆ ಸುತ್ತುವ ಸ್ವಭಾವವಿದ್ದರೆ ಹೊಟ್ಟೆ ತುಂಬ ತಿಂದ ತಕ್ಷಣ ಹತ್ತಿಸಬೇಡಿ. ಸುರಂಗ ದಾಟಿ ಇಳಿದರೆ ಜೋರೆನ್ ಜಲಪಾತ. 25 ಮೀಟರ್ ಧಾರೆ, ಪಕ್ಕದಲ್ಲೇ ಹರಿಯುವ ನೀರಿನಲ್ಲಿ ಬೆಳೆದ ವಸಾಬಿ (ಜಪಾನಿ ಅಡುಗೆಯ ಖಾರದ ಗೆಡ್ಡೆ) ಗದ್ದೆ. ಅಲ್ಲಿಗೆ ಮೆಟ್ಟಿಲಿಳಿದು ಹತ್ತಬೇಕು, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಮುಂದೆ ಶುಜೆಂಜಿ ಬಳಿಯ ಟೋಲ್ ರಸ್ತೆಗಳಲ್ಲಿ ಎಕ್ಸ್‌ಪ್ರೆಸ್‌ವೇಯಲ್ಲಿ ನಡೆಯುವ ಇಟಿಸಿ ಕಾರ್ಡ್ (ನಮ್ಮ ಫಾಸ್ಟ್ಯಾಗ್ ಥರದ್ದು) ಹಾಗೇ ನಡೆಯುವುದಿಲ್ಲ, 100 ಯೆನ್ ನಾಣ್ಯ ಕೈಯಲ್ಲಿರಲಿ. ನುಮಾಜುವಿನಲ್ಲಿ ಮತ್ತೆ ತೋಮೇ ಸೇರಿದರೆ ಅಲ್ಲಿಂದ ಟೋಕಿಯೊ ಗೇಟಿಗೆ 103 ಕಿಲೋಮೀಟರ್. ಭಾನುವಾರ ಸಂಜೆ ಯಮಾತೊ ಸುರಂಗದ ಹತ್ತಿರ ವಾಹನಗಳು ತೆವಳುತ್ತವೆ, ಅಲ್ಲಿಗೆಂದೇ ಒಂದು ಗಂಟೆ ಹೆಚ್ಚು ಹಿಡಿಯಿರಿ. ವಾರದ ದಿನ ಸಿಕ್ಕರೆ ಅದೇ ಒಳ್ಳೆಯದು.

ಕಾರಿನ ಕಾಗದಪತ್ರ: 1949ರ ಜಿನೀವಾ ಒಪ್ಪಂದದ ಅಂತರರಾಷ್ಟ್ರೀಯ ಪರವಾನಗಿ ನಿಮ್ಮ ಆರ್‌ಟಿಒದಲ್ಲಿ ಹೊರಡುವ ಮೊದಲೇ ಮಾಡಿಸಿ. ಅದು, ಮೂಲ ಲೈಸೆನ್ಸ್, ಪಾಸ್‌ಪೋರ್ಟ್ ಮೂರೂ ಜೊತೆಗಿರಬೇಕು. 6 ವರ್ಷದೊಳಗಿನ ಮಗುವಿದ್ದರೆ ಚೈಲ್ಡ್ ಸೀಟ್ ಕಡ್ಡಾಯ, ಬುಕ್ ಮಾಡುವಾಗಲೇ ಕೇಳಿ. ಅಲ್ಲೂ ಎಡಬದಿಯ ಓಡಾಟವೇ ಆದ್ದರಿಂದ ಕೈ ಬೇಗ ಹೊಂದಿಕೊಳ್ಳುತ್ತದೆ. ಇಂಡಿಕೇಟರ್ ಬಲಗೈಗೆ, ವೈಪರ್ ಎಡಗೈಗೆ. ಕೆಂಪು ದೀಪವಿದ್ದಾಗ ಎಡಕ್ಕೂ ತಿರುಗುವಂತಿಲ್ಲ, ನಮ್ಮ ಫ್ರೀ ಲೆಫ್ಟ್ ಮರೆತುಬಿಡಿ. ತಲೆಕೆಳಗಾದ ಕೆಂಪು ತ್ರಿಕೋನ ಕಂಡರೆ ಚಕ್ರ ಪೂರ್ತಿ ನಿಲ್ಲಬೇಕು. ರೈಲ್ವೆ ಗೇಟು ತೆರೆದಿದ್ದರೂ ನಿಲ್ಲಿಸಿ, ನೋಡಿಯೇ ದಾಟಬೇಕು. ಪೆಟ್ರೋಲ್ ಬಂಕ್‌ನಲ್ಲಿ ಕೆಂಪು ಪೈಪು ಸಾಮಾನ್ಯ ಪೆಟ್ರೋಲ್, ಹಸಿರು ಡೀಸೆಲ್. ಹಸಿರು ನೋಡಿ ಪೆಟ್ರೋಲ್ ಅಂದುಕೊಂಡು ಹಾಕಿದರೆ ಎಂಜಿನ್ ಕೆಡುತ್ತದೆ.

4:30ಕ್ಕೆ ಹೊರಡುವುದು ಮನೆಮಂದಿಗೆ ಆಗದ ಮಾತಾದರೆ ಕವಾಜುವಿಗೆ ಹಟ ಹಿಡಿಯಬೇಡಿ. ತೋಮೇಯ ಒಯಿ-ಮತ್ಸುದಾ ಗೇಟಿನ ಹತ್ತಿರವೇ ಮತ್ಸುದಾ ಊರಿನ ಗುಡ್ಡದ ಮೇಲೆ ಇದೇ ಕವಾಜು-ಜಕುರಾ ಇದೆ, ಸುಮಾರು 360 ಮರ. ಹೊಳೆ ಇಲ್ಲ, ಆದರೆ ಆಕಾಶ ತಿಳಿಯಾಗಿದ್ದರೆ ಹೂವಿನ ಹಿಂದೆ ಫೂಜಿ ಕಾಣುತ್ತದೆ. ಗುಡ್ಡದ ರಸ್ತೆ ಇಕ್ಕಟ್ಟು, ಕಾರು ಕೆಳಗೇ ನಿಲ್ಲಿಸಿ ಹತ್ತಿ. 8ಕ್ಕೆ ಹೊರಟರೂ ನಡೆಯುವುದು ಈ ಜಾಗ.