ಹ್ಯಾವ್ ಎಲ್ಲಿ, ಹ್ಯಾವಿಂಗ್ ಎಲ್ಲಿ?

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಗೆಸ್ಟ್‌ಗಳಿಗೆ ‘ವಿ ಆರ್ ಹ್ಯಾವಿಂಗ್ ಟೂ ರೂಮ್ಸ್’ ಅಂತ ಮೆಸೇಜ್ ಹಾಕಿದರೆ ಮಗಳು ತಪ್ಪು ಅಂತಾಳೆ. ‘ವಿ ಆರ್ ಹ್ಯಾವಿಂಗ್ ಲಂಚ್’ ಮಾತ್ರ ಸರಿಯಂತೆ! ಇದ್ಯಾವ ನ್ಯಾಯ?

ಉತ್ತರ: ಮಗಳು ಹೇಳಿದ್ದೇ ಸರಿ. ರೂಮ್ ಇರುವುದು ಒಂದು ಸ್ಥಿತಿ, ಈಗ ನಡೀತಿರುವ ಕೆಲಸ ಅಲ್ಲ. ಅದಕ್ಕೆ ‘ವಿ ಹ್ಯಾವ್ ಟೂ ರೂಮ್ಸ್’ ಸಾಕು. ಊಟ ಹಾಗಲ್ಲ, ಶುರುವಾಗಿ ಮುಗಿಯುತ್ತೆ, ಅಲ್ಲಿ ಹ್ಯಾವಿಂಗ್ ಒಪ್ಪುತ್ತೆ. ನೋ (know, ಅಂದ್ರೆ ಗೊತ್ತಿರುವುದು), ವಾಂಟ್, ಬಿಲಾಂಗ್ ಇವಕ್ಕೂ ಸಾಮಾನ್ಯವಾಗಿ ಇಂಗ್ ಬೇಡ.

ನಿಮ್ಮೂರ ಮಳೆಯನ್ನೇ ತಗೊಳ್ಳಿ. ಜುಲೈನಲ್ಲಿ ಬರಬಹುದಾ ಅಂತ ಗೆಸ್ಟ್ ಫೋನ್ ಮಾಡಿದರೆ ‘ಇಟ್ ರೇನ್ಸ್ ಎ ಲಾಟ್ ಇನ್ ಜುಲೈ’ ಅನ್ನಿ, ಯಾಕಂದ್ರೆ ಅದು ಪ್ರತಿವರ್ಷದ ಕಥೆ. ಮಾತಾಡುವಾಗಲೇ ಹೊರಗೆ ಧೋ ಅಂತ ಸುರೀತಿದ್ದರೆ ‘ಇಟ್ ಈಸ್ ರೇನಿಂಗ್’. ಒಂದೇ ಕ್ರಿಯಾಪದ ಎರಡೂ ಕಡೆ ಓಡಾಡುವುದೂ ಉಂಟು. ಪಂದಿ ಕರಿಗೆ ಹುಳಿ ಸಾಕಾ ಅಂತ ಅಡುಗೆಮನೆಯಲ್ಲಿ ರುಚಿ ನೋಡ್ತಿದ್ದರೆ ‘ಐ ಆಮ್ ಟೇಸ್ಟಿಂಗ್ ಇಟ್’. ಹುಳಿಗೆ ಹಾಕುವ ಕಾಚಂಪುಳಿ ಜಾಸ್ತಿಯಾಗಿದ್ದರೆ ‘ಇಟ್ ಟೇಸ್ಟ್ಸ್ ಸವರ್’. ಅಂದಹಾಗೆ, ನಮ್ಮಲ್ಲಿ ತುಂಬಾ ಜನ ನಿಮ್ಮ ಹಾಗೇ ಹ್ಯಾವಿಂಗ್ ಅಂತಾರೆ, ಗೆಸ್ಟ್‌ಗೆ ಅರ್ಥವೂ ಆಗುತ್ತೆ. ಬೋರ್ಡ್ ಬರೆಸುವಾಗ ಮಾತ್ರ ಮಗಳನ್ನು ಕೇಳಿ.