ಹಳೆ ಮನೆ ಕೊಳ್ಳುವ ಮೊದಲು ಒಳಚರಂಡಿ ಪೈಪ್ ಪರೀಕ್ಷಿಸಬೇಕೇ?
ಪರೀಕ್ಷಿಸಲೇಬೇಕು, ಅದೂ ಅಡ್ವಾನ್ಸ್ ಕೊಡುವ ಮೊದಲೇ. ನೆಲದಡಿಯ ಪೈಪ್ ಕೆಟ್ಟಿದ್ದರೆ ಟೈಲ್ಸ್ ಒಡೆಯಬೇಕು, ಕೆಲವೊಮ್ಮೆ ರಸ್ತೆ ಅಗೆಯಲು ಅನುಮತಿಯನ್ನೂ ಪಡೆಯಬೇಕು.

ಬೆಂಗಳೂರಿನ ಹಳೆ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಇರುವುದು ಸ್ಟೋನ್‌ವೇರ್ ಪೈಪ್, ಅಂದರೆ ಸುಟ್ಟ ಜೇಡಿಮಣ್ಣಿನದು. ಒಂದೊಂದು ತುಂಡು ಎರಡು-ಮೂರು ಅಡಿ ಉದ್ದ, ನಡುವೆ ಸಿಮೆಂಟಿನ ಜಾಯಿಂಟ್. ಮಣ್ಣು ಕುಸಿದರೆ ಜಾಯಿಂಟ್ ಬಿರಿಯುತ್ತದೆ. ತೇವ ಹುಡುಕಿಕೊಂಡು ಮರದ ಬೇರು ಒಳಗೆ ನುಗ್ಗುತ್ತದೆ. ನೀರು ಹೇಗೋ ನುಸುಳಿ ಹೋಗುತ್ತದೆ, ಗಟ್ಟಿ ಕಸ ಬೇರಿಗೆ ಸಿಕ್ಕಿ ನಿಲ್ಲುತ್ತದೆ. ಹಾಗಾಗಿ ಖಾಲಿ ಮನೆಯಲ್ಲಿ ಒಂದು ಬಕೆಟ್ ನೀರು ಸುರಿದು ನೋಡಿದರೆ ಏನೂ ತಿಳಿಯದು.

ಅಂಗಳದ ಚೇಂಬರ್, ಅಂದರೆ ಮನೆಯ ಕೊಳಚೆ ಪೈಪ್‌ಗಳು ಬಂದು ಸೇರುವ ಗುಂಡಿ, ಅದರ ಮುಚ್ಚಳ ತೆಗೆಸಿ. ಎಲ್ಲ ನಲ್ಲಿಗಳನ್ನೂ ಹತ್ತು ನಿಮಿಷ ಬಿಟ್ಟು, ಜೊತೆಗೇ ಫ್ಲಶ್ ಮಾಡಿಸಿ. ಚೇಂಬರಿನಲ್ಲಿ ನೀರು ಏರಿ ನಿಂತರೆ ಮುಂದೆ ಅಡ್ಡಿ ಇದೆ ಎಂದರ್ಥ. ಚೇಂಬರಿನ ಒಳಗೋಡೆಯ ಮೇಲ್ಭಾಗದಲ್ಲಿ ಒಣಗಿದ ಕೊಳೆಯ ಗೆರೆ ಕಂಡರೆ ಹಿಂದೆಯೂ ತುಂಬಿತ್ತು. ಮಾಲೀಕರು ಏನೇ ಹೇಳಲಿ, ನಾನು ಆ ಗೆರೆಯನ್ನೇ ನಂಬುತ್ತೇನೆ. ಅನುಮಾನ ಬಂದರೆ ಪೈಪಿನೊಳಗೆ ಕೇಬಲ್ ಕ್ಯಾಮೆರಾ ಬಿಡುವವರನ್ನು ಕರೆಸಿ, ವಿಡಿಯೊ ಇಟ್ಟುಕೊಳ್ಳಿ. ಚೌಕಾಸಿಗೂ ಆಗುತ್ತದೆ. ಯಾರನ್ನೂ ಗುಂಡಿಗೆ ಇಳಿಸಬೇಡಿ: ಪ್ರಾಣಾಪಾಯ, ಸುರಕ್ಷತಾ ಸಾಧನವಿಲ್ಲದೆ ಇಳಿಸಿದರೆ ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ತಾರಸಿಯ ಮಳೆನೀರಿನ ಪೈಪ್ ಇದೇ ಚೇಂಬರಿಗೆ ಬಿದ್ದಿದೆಯೇ ಎಂದೂ ನೋಡಿ. ಬಿದ್ದಿದ್ದರೆ ಜೋರು ಮಳೆಗೆ ಕೊಳಚೆ ಬಚ್ಚಲಲ್ಲೇ ಉಕ್ಕಬಹುದು. ಪಕ್ಕದ ಮನೆಯವರನ್ನು ಕೇಳಿದರೆ ಮಳೆಗಾಲದ ಕಥೆಯೆಲ್ಲ ಹೇಳುತ್ತಾರೆ.